ಗೋಡೆ ಇಟ್ಟ ಆಣೆ

“ನನ್ನ ತಮ್ಮನನ್ನ ಎಲ್ಲರೂ ಕ್ಷಮಿಸಿಬಿಟ್ಟಿದ್ದಾರೆ. ಅದೇ ನನ್ನ ತಕರಾರು.”

ಆ ಹೆಂಗಸು ಹೀಗೆಂದಾಗ ಕನ್ನಡಕದವರು ಕೈಯಲ್ಲಿದ್ದ ಗಾಜು ಒರೆಸುವುದನ್ನು ನಿಲ್ಲಿಸಿ ತಲೆಯೆತ್ತಿದರು. ಅವರ ಅಂಗಡಿಗೆ ಬರುವವರು ಅಕ್ಷರ ಮಂಜಾಗಿದೆ ಎಂದೋ, ಚೌಕಟ್ಟು ಮೂಗು ಒತ್ತುತ್ತದೆ ಎಂದೋ ದೂರುತ್ತಿದ್ದರು. ಈಕೆ ಬಂದವರೇ ಕೌಂಟರಿನ ಮೇಲೆ ನೀಲಿ ಕ್ಯಾನ್ವಾಸ್ ಚೀಲವೊಂದನ್ನು ಇಟ್ಟು, ಮಹಡಿ ಮೇಲಿನ ಮೇಡಂ ಇದ್ದಾರೆಯೇ ಎಂದು ಕೇಳಿದ್ದರು. ಮೇಡಂ ಅಲ್ಲೇ ಇದ್ದರು. ಸಂಜೆಯ ಚಹಾಕ್ಕೆ ಇಳಿದು ಬಂದು, ಕಣ್ಣು ಪರೀಕ್ಷೆಯ ಎತ್ತರದ ಕುರ್ಚಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು.

ಮೇಡಂ ಮೊದಲು ಜೀವವಿಮೆಯ ಕಂಪನಿಯೊಂದರಲ್ಲಿ ಇದ್ದವರು. ಅನುಮಾನ ಬಂದ ಸಾವುಗಳ ಹಿಂದೆ ಹೋಗಿ ನಿಜ ತರುವುದು ಅವರ ಕೆಲಸವಾಗಿತ್ತು. ನಿವೃತ್ತರಾದ ಮೇಲೂ ಜನ ಹುಡುಕಿಕೊಂಡು ಬರುತ್ತಿದ್ದರು. ಅವರು ಮಹಡಿಯ ಒಂಟಿ ಕೋಣೆಗೆ ಬಾಡಿಗೆಗೆ ಬಂದು ಎಷ್ಟೋ ವರ್ಷವಾಗಿತ್ತು. ಹೆಂಡತಿ ತೀರಿಕೊಂಡ ಮೇಲೆ ಕನ್ನಡಕದವರಿಗೆ ದಿನಕ್ಕೊಮ್ಮೆ ಬಾಯಿ ಬಿಡಲು ಸಿಗುತ್ತಿದ್ದ ಮನುಷ್ಯರೆಂದರೆ ಅವರೇ. ಮೇಡಂ ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುತ್ತಿರಲಿಲ್ಲ. ನನ್ನ ಖರ್ಚು ಉಳಿಸುತ್ತೀರಿ ಎಂದು ಕನ್ನಡಕದವರು ದಿನಾ ಅದೇ ತಮಾಷೆ ಮಾಡುತ್ತಿದ್ದರು, ಅವರು ದಿನಾ ಅದಕ್ಕೆ ನಗುತ್ತಿದ್ದರು.

ಹೆಂಗಸಿನ ತಮ್ಮ ಯಾರೆಂದು ಗೊತ್ತಾದಾಗ ಕನ್ನಡಕದವರು ಗಾಜನ್ನು ಕೌಂಟರಿನ ಮೇಲಿಟ್ಟರು. ಅವನು ‘ಗೋಡೆ’. ಪ್ರದರ್ಶನ ಕುಸ್ತಿಯ ಹುಲಿ. ಶನಿವಾರದ ಆಟಕ್ಕೆ ಕನ್ನಡಕದವರು ತಪ್ಪದೆ ಹೋಗುತ್ತಿದ್ದುದು ಅವನನ್ನು ನೋಡಲೆಂದೇ. ಎದುರಾಳಿ ಓಡಿ ಬಂದು ಗುದ್ದಿದರೂ ನಿಂತಲ್ಲೇ ನಿಂತಿರುತ್ತಿದ್ದ, ಆಮೇಲೆ ಜೇಬಿನಿಂದ ಪೆಪ್ಪರ್‌ಮಿಂಟ್ ತೆಗೆದು ಬಾಯಿಗೆ ಹಾಕಿಕೊಂಡು, ಮಿಕ್ಕಿದ್ದನ್ನು ಮಕ್ಕಳ ಕಡೆ ಎಸೆಯುತ್ತಿದ್ದ. ಕಳೆದ ಭಾನುವಾರ ಬೆಳಿಗ್ಗೆ ಬಾಡಿಗೆ ಕೋಣೆಯಲ್ಲಿ ಸತ್ತು ಬಿದ್ದಿದ್ದ. ಹತ್ತಿರದಲ್ಲೇ ಸಿರಿಂಜು, ಚೀಟಿಯಿಲ್ಲದ ಒಂದು ಸೀಸೆ ಇದ್ದವು, ಎರಡನ್ನೂ ಪೊಲೀಸರು ಒಯ್ದರು. ಪೊಲೀಸರು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಮೈ ಬೆಳೆಸುವ ಮದ್ದು ಅತಿಯಾಯಿತು ಎಂದರು, ಲ್ಯಾಬಿನ ವರದಿ ಬಂದಾಗ ಬರಲಿ ಎಂದರು.

ಅಕ್ಕ ಹೋಟೆಲೊಂದರ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವರು. ಕೈಯ ಹಿಂಬದಿಯಲ್ಲಿ ಹಬೆ ತಾಗಿದ ಹಳೆಯ ಕಲೆಗಳಿದ್ದವು. ಅವರು ಅಳಲಿಲ್ಲ. ಮಡಿಕೆ ಮಾಡಿಟ್ಟ ಬಟ್ಟೆ ಬಿಡಿಸುವ ಹಾಗೆ ಒಂದೊಂದೇ ಮಾತು ಬಿಡಿಸಿ ಹೇಳಿದರು. ಅಪ್ಪನಿಗೆ ಮೊದಲು ಹೆಬ್ಬೆರಳು, ಆಮೇಲೆ ಪಾದ, ಆಮೇಲೆ ಮಂಡಿಯವರೆಗೆ ಕತ್ತರಿಸಿದ್ದರು. ಅದನ್ನು ನೋಡಿ ಬೆಳೆದ ತಮ್ಮನಿಗೆ ಆಸ್ಪತ್ರೆಯ ಹೆಸರೆತ್ತಿದರೆ ಆಗುತ್ತಿರಲಿಲ್ಲ. ಮದುವೆಯಾಗಲಿಲ್ಲ. ತಿಂಗಳಿಗೊಮ್ಮೆ ಅಕ್ಕನ ಮನೆಗೆ ಬರುತ್ತಿದ್ದ, ಉಂಡು ಹೋಗುತ್ತಿದ್ದ. ಹಿಂದೊಮ್ಮೆ ಜೊತೆಯ ಪೈಲ್ವಾನನೊಬ್ಬ ಮದ್ದಿನಿಂದ ಸತ್ತಾಗ ಅಕ್ಕ ಅವನ ಕೈಯನ್ನು ತನ್ನ ತಲೆಯ ಮೇಲಿಡಿಸಿಕೊಂಡು ಆಣೆ ಮಾಡಿಸಿದ್ದರು.

“ಮುಟ್ಟಿಲ್ಲ, ಮುಟ್ಟೋದೂ ಇಲ್ಲ ಅಂದ. ನನಗೆ ಇದ್ದಿದ್ದು ಅವನೊಬ್ಬ. ಅವನ ಮಾತೂ ಸುಳ್ಳು ಅಂತಾದ್ರೆ ನನ್ನ ಹತ್ರ ಏನೂ ಉಳಿಯಲ್ಲ ಮೇಡಂ. ಹಾಲ್‌ಗೆ ಹೋದ್ರೆ ಎಲ್ಲರೂ ನನ್ನ ಭುಜ ತಟ್ಟಿ, ‘ಬಿಡಿ ಅಕ್ಕ, ಎಲ್ಲರೂ ತಗೋತಾರೆ, ನಾವೇನೂ ತಪ್ಪು ತಿಳ್ಕೊಂಡಿಲ್ಲ’ ಅಂತಾರೆ. ಅವನು ಮಾಡದೇ ಇರೋದನ್ನ ಕ್ಷಮಿಸೋಕೆ ಅವರ್ಯಾರು?”

ಕನ್ನಡಕದವರು ಗಾಜು ಒರೆಸುವುದನ್ನು ಮತ್ತೆ ಶುರು ಮಾಡಿದರು. ಸುದ್ದಿ ಕೇಳಿದ ದಿನ ಅವರೂ ಹಾಗೇ ಅಂದುಕೊಂಡಿದ್ದರು.

ಕೋಣೆಯಲ್ಲಿ ಏನೇನು ಕಂಡಿತು ಎಂದು ಮೇಡಂ ವಿಚಾರಿಸಿದರು. ಒಂದು ತಟ್ಟೆ, ಒಂದು ಕುರ್ಚಿ, ಮಂಚದ ಸುತ್ತ ಖಾಲಿ ನೀರಿನ ಬಾಟಲಿಗಳು ಎಂದರು ಅಕ್ಕ. ಕೊಳೆತ ಹಣ್ಣಿನಂಥ ವಾಸನೆ ಇತ್ತಂತೆ. ಎಸೆಯೋಣವೆಂದು ಹುಡುಕಿದರೆ ಕೋಣೆಯಲ್ಲಿ ಹಣ್ಣೇ ಇರಲಿಲ್ಲ. ಕೊನೆಯ ಸಲ ಮನೆಗೆ ಬಂದಾಗ ಕೆನ್ನೆ ಒಳಗೆ ಹೋಗಿತ್ತು, ಊಟಕ್ಕಿಂತ ಹೆಚ್ಚಾಗಿ ನೀರು ಕುಡಿದ. ಇನ್ಸ್‌ಪೆಕ್ಟರು ಅವನ ಹೊಟ್ಟೆಯ ಮೇಲಿದ್ದ ಸೂಜಿ ಗುರುತುಗಳನ್ನು ತೋರಿಸಿ, ಇನ್ನೇನು ಸಾಕ್ಷಿ ಬೇಕು ಎಂದಿದ್ದರಂತೆ.

ಚೀಲದಲ್ಲಿ ಅವನ ಕೊನೆಯ ಆಟದ ಉಡುಪು ಇತ್ತು, ಬೂದು ಬಣ್ಣದ ತೋಳಿಲ್ಲದ ಅಂಗಿ. ಮೇಡಂ ಅದನ್ನು ಒಳಹೊರಗು ಮಾಡಿ ಬೆಳಕಿಗೆ ಹಿಡಿದರು. ಪಕ್ಕದ ಹೊಲಿಗೆಯ ಒಳಗೆ ಮತ್ತೊಂದು ಹೊಲಿಗೆ, ಅದರ ಒಳಗೆ ಇನ್ನೊಂದು ಇತ್ತು. ಅಂಗಿಯ ಕೆಳಗೆ ಒಂದು ಹಿಡಿ ಪೆಪ್ಪರ್‌ಮಿಂಟ್, ಅದರ ಕೆಳಗೆ ಅಗಲ ಬಾಯಿಯ ಥರ್ಮಾಸ್ ಸಿಕ್ಕಿತು. ಪೊಲೀಸರು ಅದನ್ನು ಬರೀ ನೀರಿನ ಫ್ಲಾಸ್ಕ್ ಎಂದುಕೊಂಡು ಮುಚ್ಚಳ ತೆಗೆದಿರಲಿಲ್ಲ. ಒಳಗೆ ಕೂದಲೆಳೆಯಂಥ ಗಿಡ್ಡ ಸೂಜಿಯ ಸಣ್ಣ ಸಿರಿಂಜುಗಳು ಮತ್ತು ಚೀಟಿ ಕೆರೆದು ತೆಗೆದ ಒಂದು ಗಾಜಿನ ಸೀಸೆ ಇದ್ದವು.

ಅಕ್ಕ ಸೀಸೆಯನ್ನು ನೋಡಿ ಮುಖ ಆಚೆ ತಿರುಗಿಸಿದರು. ಮೇಡಂ ಸೂಜಿಯನ್ನು ಬಹಳ ಹೊತ್ತು ನೋಡಿ ಅದನ್ನು ಮೊದಲಿದ್ದ ಹಾಗೇ ಸುತ್ತಿಟ್ಟರು.

ಮರುದಿನ ಮೇಡಂ, ಕನ್ನಡಕದವರು ಇಬ್ಬರೂ ಕುಸ್ತಿಯ ಹಾಲ್‌ಗೆ ಹೋದರು. ಹಿಂದೆ ಗೋದಾಮಾಗಿದ್ದ ಕಟ್ಟಡ ಅದು. ಆಟವಿಲ್ಲದ ದಿನ ಅಲ್ಲಿ ಹೆಜ್ಜೆ ಸದ್ದೂ ದೊಡ್ಡದಾಗಿ ಕೇಳುತ್ತಿತ್ತು. ಬಾಗಿಲು ತೆರೆದವನು ಗೇಟಿನ ಕಾವಲುಗಾರ. ಐದಾರು ವರ್ಷದ ಹಿಂದೆ ಅವನೂ ಕುಸ್ತಿ ಆಡುತ್ತಿದ್ದ, ‘ಸುಂಟರಗಾಳಿ’ ಎಂಬ ಹೆಸರಿತ್ತು. ಒಂದು ಶನಿವಾರ ಅವನು ಮೇಲಕ್ಕೆ ಹಾರಿದಾಗ ಸೊಂಟದ ಪಟ್ಟಿಯಿಂದ ಉಬ್ಬಸದ ಪಂಪು ಜಾರಿ ರಿಂಗಿನ ನಡುವೆ ಬಿದ್ದಿತ್ತು. ಹಾಲ್‌ಗೆ ಹಾಲೇ ಬಿದ್ದು ಬಿದ್ದು ನಕ್ಕಿತ್ತು. ಮುಂದಿನ ವಾರ ಅವನು ಬಂದರೆ ಸಾಕು, ಜನ ಏದುಸಿರು ಬಿಡುವ ಸದ್ದು ಮಾಡತೊಡಗಿದರು. ಅಲ್ಲಿಗೆ ಅವನ ಆಟ ಮುಗಿಯಿತು. ಅದೇ ಹಾಲ್‌ನಲ್ಲಿ ಮದ್ದು ಹೊಡೆದು ಕಣ್ಣು ಕೆಂಪಾಗಿ ಬಂದವರಿಗೆ ಸಿಳ್ಳೆ ಬೀಳುತ್ತಿತ್ತು.

ದಾರಿಯಲ್ಲಿ ಕನ್ನಡಕದವರು ಇದನ್ನು ಸುಮ್ಮನೆ ಹೊತ್ತು ಕಳೆಯಲು ಹೇಳಿದ್ದರು. ಮೇಡಂ ಕಾವಲುಗಾರನ ಹತ್ತಿರ ನಿಂತು, ಆಟದ ಹೊತ್ತಿನಲ್ಲಿ ಡ್ರೆಸ್ಸಿಂಗ್ ರೂಮಿಗೆ ಯಾರು ಹೋಗಬಹುದು ಎಂದು ಕೇಳಿದರು. ಬಾಗಿಲಿಗೆ ಬೀಗ ಇರುತ್ತದೆ, ಆಟ ನಡೆಸುವ ಯಜಮಾನರ ಹತ್ತಿರ ಒಂದು ಕೀಲಿ, ‘ಚೇಳಿ’ನ ಹತ್ತಿರ ಒಂದು, ದರ್ಜಿಯ ಹತ್ತಿರ ಒಂದು, ಬೇರೆಯವರು ಬಂದರೆ ನನ್ನ ಮುಂದೆಯೇ ಹಾದು ಹೋಗಬೇಕು, ಯಾರೂ ಹೋಗಿಲ್ಲ ಎಂದ ಅವನು.

ಚೇಳು ಎಂದರೆ ರಿಂಗಿನಲ್ಲಿ ಗೋಡೆಯ ಹುಟ್ಟುವೈರಿ. ಈ ಬೇಸಿಗೆಯಿಡೀ ಪ್ರತಿ ಶನಿವಾರ ಅವರಿಬ್ಬರದ್ದೇ ಜೋಡಿ. ನಿಜದಲ್ಲಿ ಗೋಡೆಗೆ ಇದ್ದ ಒಬ್ಬನೇ ಗೆಳೆಯನೂ ಅವನೇ. ಡ್ರೆಸ್ಸಿಂಗ್ ರೂಮಿನ ಎರಡು ಬೆಂಚುಗಳಲ್ಲಿ ಒಂದರ ಮೇಲೆ ಕೂತು ಇನ್ನೊಂದನ್ನು ನೋಡುತ್ತಿದ್ದ. ಮುಂದಿನ ತಿಂಗಳ ದೊಡ್ಡ ಆಟದಲ್ಲಿ ಗೋಡೆ ಸೋತು ಪಟ್ಟವನ್ನು ಇವನಿಗೆ ಬಿಟ್ಟುಕೊಡಬೇಕೆಂದು ಯಜಮಾನರು ಹೇಳಿದ್ದರು. ಗೋಡೆ ಒಪ್ಪಿರಲಿಲ್ಲ. ಇದನ್ನು ಚೇಳು ತಾನಾಗಿಯೇ ಹೇಳಿದ, ಮುಚ್ಚುಮರೆ ಮಾಡಲಿಲ್ಲ. ಸೀಸೆಯ ವಿಷಯ ಕೇಳಿದಾಗ ಅವನ ಮುಖದಲ್ಲಿ ಅರೆನಗೆ ಬಂತು.

“ಇಲ್ಲಿ ಎಲ್ಲರ ಹತ್ರಾನೂ ಏನೋ ಒಂದು ಇರತ್ತೆ ಮೇಡಂ. ಅವನದ್ದು ಆ ಸೀಸೆ. ಥರ್ಮಾಸಲ್ಲಿಟ್ಕೊಂಡು, ರಿಂಗಿಗೆ ಇಳಿಯೋವಾಗ ಮಾತ್ರ ಇಲ್ಲಿ ಬಿಡ್ತಿದ್ದ. ಏನೋ ಇದು ಅಂದ್ರೆ, ‘ಗೋಡೆಗೆ ಸುಣ್ಣ ಹೊಡೀತಿದೀನಿ ಕಣೋ’ ಅಂತಿದ್ದ. ಮತ್ತೆ ಕೇಳಲಿಲ್ಲ. ನಾವು ಒಬ್ಬರನ್ನೊಬ್ಬರು ಕೇಳಲ್ಲ.”

ಯಜಮಾನರು ಕೇಳದೆಯೇ ಹೇಳುವವರು. ನಾನು ಆಟದುದ್ದಕ್ಕೂ ಮೈಕು ಹಿಡಿದು ರಿಂಗಿನ ಪಕ್ಕದಲ್ಲೇ ನಿಂತಿರುತ್ತೇನೆ, ಸಾವಿರ ಜನ ನೋಡಿರುತ್ತಾರೆ ಎಂದರು. ಗೋಡೆ ಸತ್ತಿದ್ದರಿಂದ ತನಗೆ ನಷ್ಟವೇ ಹೊರತು ಲಾಭವಿಲ್ಲ ಎಂದರು. ಮದ್ದಿನ ಸುದ್ದಿಯಿಂದ ಟಿಕೆಟ್ ಒಂದೂ ಕಡಿಮೆಯಾಗಿಲ್ಲ, ಜನಕ್ಕೆ ದಪ್ಪ ತೋಳು ಬೇಕು, ಅದು ಹೇಗೆ ಬಂತು ಎನ್ನುವುದು ಬೇಡ ಎಂದು ಹೇಳಿ, ಭಾನುವಾರದ ಶ್ರದ್ಧಾಂಜಲಿ ಸಭೆಗೆ ಬನ್ನಿ ಎಂದು ಕರೆದರು.

ದರ್ಜಿಯ ಕೋಣೆ ಡ್ರೆಸ್ಸಿಂಗ್ ರೂಮಿಗೆ ಅಂಟಿಕೊಂಡೇ ಇತ್ತು. ಹಾಲ್‌ನ ಎಲ್ಲ ಉಡುಪೂ ಅವನ ಕೈಯದೇ. ಗೋಡೆಯ ಅಭಿಮಾನಿ ಸಂಘ ಕಟ್ಟಿದವನೂ ಅವನೇ. ಐವತ್ತು ದಾಟಿದ ಒಂಟಿ ಜೀವ. ಹೊಲಿಗೆ ಯಂತ್ರದ ಪಕ್ಕದಲ್ಲಿ ಗುಂಡಿಯ ಡಬ್ಬಿ, ದೊಡ್ಡ ಕತ್ತರಿ, ಯಂತ್ರಕ್ಕೆ ಎಣ್ಣೆ ಬಿಡುವ ದಪ್ಪ ಸೂಜಿಯ ಸಿರಿಂಜು ಎಲ್ಲ ಓರಣವಾಗಿ ಇದ್ದವು. ಕೋಣೆಯ ಗೋಡೆಯ ಮೇಲೆ ಚಿಕ್ಕ ವಯಸ್ಸಿಗೇ ಸತ್ತ ಮೂವರು ಕುಸ್ತಿಪಟುಗಳ ಫೋಟೋಗಳಿದ್ದವು. ನಾಲ್ಕನೆಯದಕ್ಕೆ ಮೊಳೆ ಹೊಡೆದಾಗಿತ್ತು, ಫೋಟೋ ಇನ್ನೂ ಬಂದಿರಲಿಲ್ಲ. ಯಂತ್ರದ ಮೇಲೆ ಉದ್ದದ ಬಟ್ಟೆಯೊಂದು ಹರಡಿತ್ತು. ‘ಏನೇ ತಗೊಂಡಿದ್ರೂ ನೀನೇ ನಮ್ಮ ಗೋಡೆ’ ಎಂದು ಕೆಂಪು ಬಟ್ಟೆಯ ಅಕ್ಷರಗಳನ್ನು ಕತ್ತರಿಸಿ ಹೊಲಿಯುತ್ತಿದ್ದ.

ಮದ್ದಿನ ಬಗ್ಗೆ ಸಂಘದವರು ಏನನ್ನುತ್ತಿದ್ದರು ಎಂದು ಮೇಡಂ ಕೇಳಿದರು. ದರ್ಜಿ ಸೂಜಿಯಿಂದ ಕಣ್ಣೆತ್ತದೆ ಹೇಳಿದ. ಕೆಲವರು ಅವನ ಮೈ, ಅವನಿಷ್ಟ ಎನ್ನುತ್ತಿದ್ದರಂತೆ. ಕೆಲವರಿಗೆ ಎಲ್ಲರೂ ತೆಗೆದುಕೊಳ್ಳುವಾಗ ಇವನೊಬ್ಬ ಯಾಕೆ ಬಿಡಬೇಕು ಎಂಬ ವಾದ. ಹೆಚ್ಚಿನವರಿಗೆ ಆ ಮಾತೇ ಬೇಡವಾಗಿತ್ತು, ಆಟದ ಮಜಾ ಹಾಳಾಗುತ್ತದೆ ಎಂದು.

“ನೀವು?” ಎಂದರು ಮೇಡಂ.

“ನನಗೆ ಅವನು ಬದುಕಿರಬೇಕಿತ್ತು,” ಎಂದ ದರ್ಜಿ.

ಇತ್ತೀಚೆಗೆ ಅವನ ಮೈ ಏನಾದರೂ ಇಳಿದಿತ್ತೇ ಎಂದು ಮೇಡಂ ಕೇಳಿದ್ದಕ್ಕೆ, ಹದಿನೆಂಟು ವರ್ಷದಿಂದ ಒಂದೇ ಅಳತೆ, ಒಂದು ಬೆರಳೂ ಆಚೀಚೆ ಆಗಿಲ್ಲ ಎಂದ. ಕನ್ನಡಕದವರಿಗೆ ಅವನ ಮೇಲೆ ಕನಿಕರ ಬಂತು. ಸಮಾಧಾನಕ್ಕೆಂದು ಆಟದ ಮಾತೆತ್ತಿದರು. ಗೋಡೆ ಬರುವಾಗ ಮೊದಲ ಸಾಲಿನಲ್ಲಿ ಕೂತ ದರ್ಜಿ ಕತ್ತರಿಯಿಂದ ಕಬ್ಬಿಣದ ಕಂಬಿ ಬಾರಿಸುತ್ತಿದ್ದ, ಆ ತಾಳ ಹಿಡಿದೇ ಹಾಲ್‌ನ ಕೂಗು ಏಳುತ್ತಿತ್ತು. ಈಚಿನ ಆಟಗಳಲ್ಲಿ ಕತ್ತರಿಯ ಸದ್ದು ಅರ್ಧ ಆಟ ಮುಗಿದ ಮೇಲೆ ಕೇಳುತ್ತಿತ್ತು, ಅದಿಲ್ಲದೆ ನಮಗೂ ಕೂಗು ಬರುತ್ತಿರಲಿಲ್ಲ ಎಂದರು ಕನ್ನಡಕದವರು. ಕೈ ನೋಯುತ್ತಿತ್ತು ಎಂದ ದರ್ಜಿ.

ಸಂಜೆ ಅಂಗಡಿಯಲ್ಲಿ ಮೇಡಂ ಸೀಸೆಯನ್ನು ಕನ್ನಡಕದವರ ಮುಂದಿಟ್ಟು, ನಿಮ್ಮ ಭೂತಗನ್ನಡಿಗೆ ಸ್ವಲ್ಪ ಕೆಲಸ ಕೊಡಿ ಎಂದರು. ಮುಚ್ಚಳದ ರಬ್ಬರಿನ ಮೇಲೆ ಧೂಳಿನ ಕಣಗಳಂಥ ಸಣ್ಣ ತೂತುಗಳು ತುಂಬ ಇದ್ದವು. ಅವುಗಳ ನಡುವೆ ಎರಡು ತೂತು ಮಾತ್ರ ಅಗಲವಾಗಿ ಬಾಯಿ ಬಿಟ್ಟಿದ್ದವು. ದೀಪದ ಕೆಳಗೆ ಸೀಸೆ ಓರೆ ಮಾಡಿದಾಗ ತಿಳಿಯಾದ ದ್ರವದ ಮೇಲೆ ಬಣ್ಣಬಣ್ಣದ ತೆಳು ಪೊರೆ ತೇಲಿತು.

“ಎಣ್ಣೆ,” ಎಂದರು ಕನ್ನಡಕದವರು. “ಮೈ ಬೆಳೆಸೋ ಮದ್ದು ಎಣ್ಣೇಲೇ ಇರತ್ತೆ ಅಂತ ಕೇಳಿದೀನಿ. ಹಾಗಾದ್ರೆ ಪಾಪ, ಆ ಅಕ್ಕ...”

“ಎಣ್ಣೆ ಮದ್ದಾದ್ರೆ ಸೀಸೆ ತುಂಬ ಎಣ್ಣೆ ಇರಬೇಕು. ಇದು ನೀರಿನ ಮೇಲೆ ತೇಲ್ತಿರೋ ಒಂದು ಹನಿ,” ಎಂದರು ಮೇಡಂ. ಕನ್ನಡಕದವರು ಚೇಳಿನ ಮೇಲೆ ತಮಗಿದ್ದ ಅನುಮಾನವನ್ನು ಹೇಳಿದರು. ಕೀಲಿ ಅವನ ಹತ್ತಿರ ಇತ್ತು, ಪಟ್ಟವೂ ಅವನಿಗೇ ಸಿಗುತ್ತಿತ್ತು. ಮೇಡಂ ಕೇಳಿಸಿಕೊಂಡರು. ಸೀಸೆಯನ್ನು ಇನ್ಸ್‌ಪೆಕ್ಟರಿಗೆ ಕಳಿಸಿ, ಲ್ಯಾಬಿನವರು ಯಾವುದನ್ನು ಹುಡುಕಬೇಕೆಂದು ಫೋನಿನಲ್ಲಿ ಹೇಳಿದರು.

ಭಾನುವಾರ ಹಾಲ್ ತುಂಬಿತ್ತು. ರಿಂಗಿನ ಹಗ್ಗಕ್ಕೆ ಕೆಂಪು ಅಕ್ಷರಗಳ ಬಟ್ಟೆ ಕಟ್ಟಿದ್ದರು. ಸಂಘದವರು ಒಬ್ಬೊಬ್ಬರೇ ಎದ್ದು ಮಾತಾಡಿದರು. ಅವನ ಗುದ್ದು, ಅವನ ನಿಲುವು, ಅವನ ಪೆಪ್ಪರ್‌ಮಿಂಟ್ ಎಲ್ಲ ಬಂತು. ಪ್ರತಿಯೊಬ್ಬರ ಮಾತೂ ‘ಏನೇ ಇರಲಿ’ ಎನ್ನುವಲ್ಲಿಗೆ ಬಂದು ನಿಲ್ಲುತ್ತಿತ್ತು. ಮೊದಲ ಸಾಲಿನ ತುದಿಯಲ್ಲಿ ಅಕ್ಕ ಒಬ್ಬರೇ ಕೂತಿದ್ದರು. ಪಕ್ಕದ ಎರಡು ಕುರ್ಚಿ ಖಾಲಿಯಿದ್ದವು. ಅಷ್ಟು ಜನರ ನಡುವೆ ಅವರ ಜೊತೆ ಕೂರುವವರು ಯಾರೂ ಇಲ್ಲವೆನ್ನುವುದು ಕನ್ನಡಕದವರಿಗೆ ನೋಡಲಾಗಲಿಲ್ಲ. ಹೋಗಿ ಪಕ್ಕದಲ್ಲಿ ಕೂತರು.

ಮೇಡಂ ರಿಂಗಿನ ಮೆಟ್ಟಿಲ ಮೇಲೆ ನಿಂತರು. ಮೈಕು ಬೇಡವೆಂದರು.

“ನಿಮ್ಮ ಗೋಡೆ ಯಾವತ್ತೂ ಮದ್ದು ತಗೊಂಡಿಲ್ಲ,” ಎಂದರು. “ಅವನ ರಕ್ತದಲ್ಲಿ ಒಂದು ಹನಿ ಸಿಕ್ಕಿಲ್ಲ. ಅವನಿಗೆ ಇದ್ದಿದ್ದು ಸಕ್ಕರೆ ಕಾಯಿಲೆ. ಸೀಸೇಲಿ ಇದ್ದಿದ್ದು ಇನ್ಸುಲಿನ್.”

ಬಾಗಿಲ ಹತ್ತಿರ ನಿಂತಿದ್ದ ಇನ್ಸ್‌ಪೆಕ್ಟರು ಹೌದೆಂದು ತಲೆಯಾಡಿಸಿದರು. ಗುಜುಗುಜು ಎದ್ದು, ತಾನಾಗಿ ಅಡಗಿತು. ಅಕ್ಕ ಕೈ ಬಾಯಿಗೆ ಒತ್ತಿಕೊಂಡರು.

ಮೇಡಂ ಒಂದೊಂದಾಗಿ ವಿವರಿಸಿದರು. ಮೈ ಬೆಳೆಸುವ ಎಣ್ಣೆ ಮದ್ದು ಕೂದಲೆಳೆಯ ಸೂಜಿಯಲ್ಲಿ ಇಳಿಯುವುದಿಲ್ಲ. ಅದಕ್ಕೆ ಉದ್ದನೆಯ ದಪ್ಪ ಸೂಜಿ ಬೇಕು, ಅದನ್ನು ಹೊಟ್ಟೆಯ ಚರ್ಮಕ್ಕೆ ಚುಚ್ಚುವುದೂ ಇಲ್ಲ, ಮಾಂಸಖಂಡಕ್ಕೆ ಚುಚ್ಚುತ್ತಾರೆ. ಗಿಡ್ಡ ಸೂಜಿ ಮತ್ತು ಹೊಟ್ಟೆಯ ಗುರುತುಗಳನ್ನು ಒಟ್ಟಿಗೆ ನೋಡಿದಾಗಲೇ ಅವರಿಗೆ ಸಂಶಯ ಬಂದಿತ್ತು. ಸಕ್ಕರೆ ತೀರಾ ಇಳಿದು ತಲೆ ತಿರುಗಿದರೆ ಬಾಯಿಗೆ ಸಿಹಿ ಬೇಕು, ಜೇಬಿನ ಪೆಪ್ಪರ್‌ಮಿಂಟ್ ಅದಕ್ಕೆ. ಮಕ್ಕಳಿಗೆ ಎಸೆಯುತ್ತಿದ್ದದ್ದು ಅದು ಯಾರಿಗೂ ತಿಳಿಯದಿರಲಿ ಎಂದು. ಅಪ್ಪನ ಕಾಲು ತಿಂದದ್ದೂ ಇದೇ ಕಾಯಿಲೆ. ಇನ್ನು ಆ ಬಾಯಾರಿಕೆ, ಒಳಗೆ ಹೋದ ಕೆನ್ನೆ, ಹಣ್ಣಿಲ್ಲದ ಕೋಣೆಯಲ್ಲಿ ಹಣ್ಣಿನ ವಾಸನೆ. ಇನ್ಸುಲಿನ್ ಸಾಲದೆ ರಕ್ತ ಹುಳಿಯಾದವರ ಉಸಿರಿಗೆ ಆ ವಾಸನೆ ಬರುತ್ತದೆ. ಅವನು ಔಷಧ ಅತಿಯಾಗಿ ಸಾಯಲಿಲ್ಲ, ಔಷಧ ಸಿಗದೆ ಸತ್ತ.

“ದಿನಾ ಚುಚ್ಕೋತಿದ್ದ, ಆದರೂ ಸಿಗಲಿಲ್ಲ,” ಎಂದರು ಮೇಡಂ. “ಯಾಕಂದ್ರೆ ಸೀಸೇಲಿ ಅರ್ಧಕ್ಕಿಂತ ಹೆಚ್ಚು ನೀರಿತ್ತು. ಯಾರೋ ಬೆರೆಸಿದ್ರು. ಪೊಲೀಸರ ಹತ್ರ ಇರೋ ಇನ್ನೊಂದು ಸೀಸೇಲೂ ಹಾಗೇ.”

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಜಮಾನರು ಎದ್ದರು, ಮತ್ತೆ ಕೂತರು. ಮೇಡಂ ಮುಂದುವರಿಸಿದರು. ಔಷಧ ತಂಪಾಗಿರಲೆಂದು ಇಟ್ಟುಕೊಂಡ ಆ ಥರ್ಮಾಸನ್ನು ಗೋಡೆ ಬಿಟ್ಟಿರುತ್ತಿದ್ದದ್ದು ಆಟದ ಹೊತ್ತಿನಲ್ಲಿ ಮಾತ್ರ. ಕೀಲಿ ಮೂವರ ಹತ್ತಿರ ಇತ್ತು. ಆ ಹೊತ್ತಿನಲ್ಲಿ ಚೇಳು ರಿಂಗಿನಲ್ಲಿ ಗೋಡೆಯ ಎದುರೇ ಇರುತ್ತಿದ್ದ. ಯಜಮಾನರು ಮೈಕು ಹಿಡಿದು ಎಲ್ಲರ ಕಣ್ಣ ಮುಂದೆ ಇರುತ್ತಿದ್ದರು. ಮೂರನೆಯವನು ಮೊದಲ ಸಾಲಿನಲ್ಲಿ ಕತ್ತರಿ ಹಿಡಿದು ಕೂತಿರಬೇಕಿತ್ತು. ಈಚಿನ ಆಟಗಳಲ್ಲಿ ಕತ್ತರಿಯ ಸದ್ದು ತಡವಾಗಿ ಕೇಳುತ್ತಿತ್ತು ಎಂದು ಗೋಡೆಯ ಅಭಿಮಾನಿಯೊಬ್ಬರೇ ಹೇಳಿದ್ದಾರೆ.

ಕನ್ನಡಕದವರು ತಲೆ ತಗ್ಗಿಸಿದರು. ಸಮಾಧಾನಕ್ಕೆಂದು ಆಡಿದ ಮಾತು ಅದು.

“ಸೀಸೆಯ ರಬ್ಬರಿಗೆ ಎರಡು ದಪ್ಪ ತೂತಿದೆ, ನೀರಿನ ಮೇಲೆ ಹೊಲಿಗೆ ಯಂತ್ರದ ಎಣ್ಣೆ ಇದೆ. ಯಂತ್ರಕ್ಕೆ ಎಣ್ಣೆ ಬಿಡೋ ಸಿರಿಂಜನ್ನ ಎಷ್ಟು ಕುದಿಸಿ ತೊಳೆದ್ರೂ ಅದರಲ್ಲಿ ಒಂದು ಹನಿ ಉಳಿದುಬಿಡತ್ತೆ,” ಎಂದರು ಮೇಡಂ. ಅವರ ದನಿಯಲ್ಲಿ ಗೆಲುವಿರಲಿಲ್ಲ. “ಅಂಗಿಯನ್ನ ಎರಡು ಸಲ ಒಳಗೆ ಹಿಡಿದು ಹೊಲಿದಿದೀರಿ. ನನ್ನ ಹತ್ರ ಮಾತ್ರ ಒಂದೇ ಅಳತೆ ಅಂದ್ರಿ. ಅಳತೆ ಇಳಿದಿದ್ದು ಗೊತ್ತಿದ್ದವರು ನೀವೊಬ್ಬರೇ. ಯಾಕೆ ಹೇಳಲಿಲ್ಲ?”

ದರ್ಜಿ ಎದ್ದು ನಿಂತ. ಓಡುವವನಂತೆ ಕಾಣಲಿಲ್ಲ. ಯಾರೋ ತರಗತಿಯಲ್ಲಿ ಹೆಸರು ಕರೆದಾಗ ಎದ್ದ ಹಾಗಿತ್ತು. ಅವನ ಕಣ್ಣು ಮೇಡಂ ಮೇಲಿರಲಿಲ್ಲ, ಅಕ್ಕನ ಮೇಲಿತ್ತು.

“ಮೂರು ಜನರ ಫೋಟೋಗೆ ನಾನೇ ಚೌಕಟ್ಟು ಹಾಕಿಸಿದ್ದೆ,” ಎಂದ. “ಮೂವರ ಹತ್ರಾನೂ ಅಂಥದ್ದೇ ಚೀಟಿ ಕಿತ್ತ ಸೀಸೆ ಇರ್ತಿತ್ತು. ಇವನ ಹತ್ರ ನೋಡಿದಾಗ ನಂಗೆ ಇನ್ನೇನೂ ಹೊಳೀಲಿಲ್ಲ ಅಕ್ಕ. ಬಿಡು ಅಂತ ಹೇಳೋಕೆ ಧೈರ್ಯ ಇರಲಿಲ್ಲ, ಸಂಘದವರಿಗೆ ಹೇಳಿದ್ರೆ ನಗ್ತಿದ್ರು. ಕುಡಿಯೋರಿಗೆ ಬಿಡಿಸ್ತಾರಲ್ಲ, ಮೆಲ್ಲ ಮೆಲ್ಲಗೆ, ಹಂಗೆ ಮಾಡೋಣ ಅಂತ ಸ್ವಲ್ಪ ಸ್ವಲ್ಪನೇ ತೆಗೆದು ನೀರು ಹಾಕಿದೆ. ತೋಳು ಸಣ್ಣಗಾಗತ್ತೆ, ಆಗ್ಲಿ, ಮನುಷ್ಯ ಉಳೀತಾನೆ ಅಂದ್ಕೊಂಡೆ. ಅವನು ಇಳಿದ. ಅಂಗಿ ದೊಗಲೆ ಆಯ್ತು, ಒಳಗೆ ಹಿಡಿದು ಕೊಡು, ಯಾರಿಗೂ ಹೇಳಬೇಡ ಅಂದ. ಮದ್ದು ಮೈ ಬಿಡ್ತಾ ಇದೆ ಅಂತ ನಂಗೆ ಖುಷಿ ಆಯ್ತು. ಎರಡನೇ ಸಲ ಹೊಲಿಯೋವಾಗ ಹಾಡ್ಕೊಂಡು ಹೊಲಿದೆ ಅಕ್ಕ.”

ಹಾಲ್‌ನಲ್ಲಿ ಹಿಂದಿನ ಸಾಲಿನಿಂದ ಒಬ್ಬ ಎದ್ದು, ಸಕ್ಕರೆ ಕಾಯಿಲೆ ಎಂದು ನಮಗೊಂದು ಮಾತು ಹೇಳಿದ್ದರೆ ನಾವೇನು ಅವನನ್ನು ಬಿಟ್ಟುಬಿಡುತ್ತಿದ್ದೆವೇ ಎಂದ. ಅವನ ಮಾತು ಮುಗಿಯುವ ಹೊತ್ತಿಗೆ ಗೇಟಿನ ಹತ್ತಿರದಿಂದ ಉಸಿರಿನ ಸದ್ದು ಕೇಳಿತು. ಸುಂಟರಗಾಳಿ ಜೇಬಿನಿಂದ ಪಂಪು ತೆಗೆದು ಬಾಯಿಗಿಟ್ಟುಕೊಂಡಿದ್ದ. ಎಲ್ಲರೂ ಹಿಂತಿರುಗಿ ನೋಡಿದರು. ಈ ಸಲ ಯಾರೂ ನಗಲಿಲ್ಲ.

“ಅದಕ್ಕೇ ಗೋಡೆ ಸೀಸೆಯ ಚೀಟಿ ಕೆರೆದು ತೆಗೀತಿದ್ದ,” ಎಂದರು ಮೇಡಂ. “ಮದ್ದು ತಗೋತಾನೆ ಅಂತ ನೀವು ಅಂದ್ಕೊಂಡ್ರೆ ಅವನಿಗೆ ಪರವಾಗಿರಲಿಲ್ಲ. ಕಾಯಿಲೆ ಅಂತ ಗೊತ್ತಾಗಬಾರದಿತ್ತು. ಇಳೀತಾ ಇದೀನಿ ಅಂತ ಅವನಿಗೂ ಗೊತ್ತಾಗಿತ್ತು. ಇನ್ನೂ ಜಾಸ್ತಿ ಚುಚ್ಕೊಂಡ. ಅಪ್ಪನ ದಾರಿಗೇ ಬಂದೆ ಅಂತ ಹೆದರಿಕೊಂಡಿದ್ದ ಅನ್ಸತ್ತೆ. ಕೇಳೋಕೆ ಯಾರಿದ್ರು?”

ಇನ್ಸ್‌ಪೆಕ್ಟರು ಮುಂದೆ ಬಂದರು. ಅಕ್ಕ ಕೈಯೆತ್ತಿ ಅವರನ್ನು ತಡೆದರು. ನೀಲಿ ಚೀಲದಿಂದ ಬೂದು ಅಂಗಿ ತೆಗೆದು ದರ್ಜಿಯ ಮುಂದೆ ಹಿಡಿದರು.

“ಇದನ್ನ ಅವನ ಅಳತೆಗೆ ಬಿಚ್ಚಿಕೊಡಿ,” ಎಂದರು. “ಬಡವಾಗಿದ್ದವನ ಅಂಗಿ ನನಗೆ ಬೇಡ.”

ದರ್ಜಿ ನೆಲದ ಮೇಲೆ ಕೂತು ಹೊಲಿಗೆ ಬಿಚ್ಚಿದ. ಇನ್ಸ್‌ಪೆಕ್ಟರು ಕಾದರು, ಸಭೆಯೂ ಕಾದು ಕೂತಿತು. ಬಟ್ಟೆಗೆ ಒಂದು ಗೀರೂ ಬೀಳಲಿಲ್ಲ. ಅಷ್ಟರಲ್ಲಿ ಚೇಳು ಸದ್ದಿಲ್ಲದೆ ಹಗ್ಗದಿಂದ ಕೆಂಪು ಅಕ್ಷರದ ಬಟ್ಟೆಯನ್ನು ಇಳಿಸಿ ಮಡಿಚಿಟ್ಟ. ಅಂಗಿ ಅಗಲವಾದ ಮೇಲೆ ಅಕ್ಕ ಅದನ್ನು ಮಡಿಲಲ್ಲಿ ಹರಡಿ, ಹೊಲಿಗೆಯ ಸುಕ್ಕನ್ನು ಅಂಗೈಯಿಂದ ತೀಡಿದರು. ಆಗ ಅತ್ತರು.

“ಸುಳ್ಳು ಹೇಳಿರಲಿಲ್ಲ ಅವನು,” ಎಂದರು ಕನ್ನಡಕದವರ ಕಡೆ ತಿರುಗಿ. “ನಿಜ ಮಾತ್ರ ಹೇಳಲಿಲ್ಲ. ನನ್ನ ತಲೆ ಮೇಲೆ ಕೈ ಇಟ್ಟಿದ್ದನಲ್ಲ, ಅವತ್ತು ಇನ್ನೊಂದು ಮಾತು ಕೇಳಬೇಕಿತ್ತು ನಾನು. ಹೇಗಿದೀಯಪ್ಪಾ ಅಂತ.”

ಹೊರಡುವಾಗ ಚೀಲದಲ್ಲಿದ್ದ ಪೆಪ್ಪರ್‌ಮಿಂಟ್‌ಗಳನ್ನು ಅಕ್ಕ ಕನ್ನಡಕದವರ ಕೈಗೆ ಹಾಕಿದರು. ಕೊಡಲು ಬೇರೆ ಏನೂ ಇಲ್ಲ ಎಂದರು.

ಅಂಗಡಿ ತಲುಪುವಾಗ ಬೀದಿಯ ದೀಪಗಳು ಹತ್ತುತ್ತಿದ್ದವು. ಕನ್ನಡಕದವರು ಬೀಗ ತೆಗೆಯುತ್ತ, ದಾರಿಯುದ್ದಕ್ಕೂ ತಮ್ಮನ್ನು ಕಾಡುತ್ತ ಬಂದಿದ್ದನ್ನು ಕೇಳಿದರು. ಇನ್ಸ್‌ಪೆಕ್ಟರು ಆ ಸಿರಿಂಜು ನೋಡಿದ್ದರು, ಚೇಳು ವರ್ಷಗಟ್ಟಲೆ ನೋಡಿದ್ದ. ಯಾರಿಗೂ ತಿಳಿಯದ್ದು ನಿಮಗೊಬ್ಬರಿಗೆ ಸೂಜಿ ಕಂಡ ಕೂಡಲೇ ಹೇಗೆ ತಿಳಿಯಿತು ಎಂದರು.

“ದಿನಾ ನೋಡ್ತೀನಲ್ಲ,” ಎಂದರು ಮೇಡಂ.

ಕನ್ನಡಕದವರ ಕೈ ಬೀಗದ ಮೇಲೇ ನಿಂತಿತು. ಸಕ್ಕರೆಯಿಲ್ಲದ ಚಹಾ, ಅದರ ಮೇಲೆ ದಿನಾ ಮಾಡಿದ ತಮಾಷೆ, ದಿನಾ ಬಂದ ನಗು ಎಲ್ಲ ನೆನಪಾಯಿತು. ಕಣ್ಣು ನೋಡುವುದೇ ಅವರ ವೃತ್ತಿ. ಪಕ್ಕದಲ್ಲಿ ಕೂತವರನ್ನು ಇಷ್ಟು ವರ್ಷ ನೋಡಿರಲಿಲ್ಲ ಎಂದು ಅವರಿಗೆ ನಾಚಿಕೆಯಾಯಿತು.

“ಯಾವಾಗಿಂದ?” ಎಂದರು.

“ಈ ಮನೆಗೆ ಬರೋಕೆ ಮುಂಚಿನಿಂದ. ಕಾಯಿಲೆಯವರು, ಅದೂ ಒಬ್ಬರೇ ಇರೋವ್ರು ಅಂದ್ರೆ ಯಾರೂ ಬಾಡಿಗೆಗೆ ಕೊಡ್ತಿರಲಿಲ್ಲ. ನೀವು ಕೇಳಲಿಲ್ಲ. ನಾನು ಹೇಳಲಿಲ್ಲ.”

ಕನ್ನಡಕದವರು ಒಳಗೆ ಹೋಗಿ ಕೌಂಟರಿನ ಮೇಲಿನ ಖಾನೆ ಎಳೆದು, ಕನ್ನಡಕದ ಸ್ಕ್ರೂಗಳ ಡಬ್ಬಿಯನ್ನು ಬದಿಗೆ ಸರಿಸಿ, ಅಕ್ಕ ಕೊಟ್ಟ ಪೆಪ್ಪರ್‌ಮಿಂಟ್‌ಗಳನ್ನು ಅಲ್ಲಿ ಸುರಿದರು. ಈ ಖಾನೆಗೆ ನಾನು ಯಾವತ್ತೂ ಬೀಗ ಹಾಕುವುದಿಲ್ಲ ಎಂದರು. ಆಮೇಲೆ, “ಔಷಧಿ ಎಲ್ಲಿಡ್ತೀರಿ? ನನಗೂ ಗೊತ್ತಿರಲಿ,” ಎಂದು ಕೇಳಿದರು.

ಮೇಡಂ ಮೆಟ್ಟಿಲ ಕಂಬಿ ಹಿಡಿದು ನಿಂತಿದ್ದರು. ಅವರ ಕೋಣೆಯೊಳಗೆ ಕನ್ನಡಕದವರು ಒಂದು ಸಲವೂ ಹೋದವರಲ್ಲ, ಅವರೂ ಕರೆದವರಲ್ಲ.

“ಬನ್ನಿ, ತೋರಿಸ್ತೀನಿ,” ಎಂದರು ಮೇಡಂ. ಕನ್ನಡಕದವರು ಅಂಗಡಿಯ ದೀಪ ಆರಿಸಿ ಅವರ ಹಿಂದೆ ಮೆಟ್ಟಿಲು ಹತ್ತಿದರು.